ಕಾಲೇಜಿನ ಕಾವಲು ಯಾರ ಹೊಣೆ?

ಹತ್ತನೆಯ ತರಗತಿಯ ಫಲಿತಾಂಶ ಬಂದಿತೆಂದರೆ ನಮ್ಮ ಮನೆಗಳಲ್ಲಿ ಓಡಾಟ ಶುರುವಾಗುತ್ತದೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಬೇಕು. ಸೇಠರಲ್ಲಿ ಮುಂಗಡ ಕೇಳುತ್ತೇವೆ, ಚೀಟಿ ಎತ್ತುತ್ತೇವೆ, ಅಡವಿಟ್ಟ ಬಳೆಯನ್ನು ಇನ್ನೂ ಆರು ತಿಂಗಳು ಬಿಡಿಸದೆ ಇರುತ್ತೇವೆ. ಫೀಸು ಎಷ್ಟು, ಬಸ್ಸು ಯಾವುದು, ಯಾವ ವಿಷಯ ಓದಿದರೆ ಕೆಲಸ ಸಿಗುತ್ತದೆ ಎಂದು ಹತ್ತು ಮಂದಿಯಲ್ಲಿ ವಿಚಾರಿಸುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಕೇಳುವವರು ನಮ್ಮಲ್ಲಿ ಬಲು ವಿರಳ. ಆ ಆವರಣದೊಳಗೆ ನಮ್ಮ ಮಕ್ಕಳ ಸುರಕ್ಷತೆಗೆ ಹೊಣೆಗಾರರು ಯಾರು? ಅವರ ಹೆಸರೇನು?

ಮಲಾಡಿನಲ್ಲಿರುವ ನಮ್ಮವರಿಗೆ ಇದು ದೂರದ ಪ್ರಶ್ನೆಯಲ್ಲ. ಪೂರ್ವದಲ್ಲಿ ಕುರಾರ್, ಅಪ್ಪಾಪಾಡಾ, ದಿಂಡೋಶಿ. ಪಶ್ಚಿಮದಲ್ಲಿ ಓರ್ಲೆಂ, ಮಾರ್ವೆ ರಸ್ತೆ, ಮಾಲ್ವಣಿ. ಈ ಎಡೆಗಳಿಂದ ನಮ್ಮ ಮಕ್ಕಳು ಬಸ್ಸಿನಲ್ಲಿ, ಶೇರ್ ರಿಕ್ಷಾದಲ್ಲಿ ಎಸ್. ವಿ. ರಸ್ತೆಯ ಕಡೆಯ ಕಾಲೇಜುಗಳಿಗೆ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ತರಗತಿ ಇರುವ ಮಗಳು ಮನೆ ಬಿಡುವ ಹೊತ್ತಿಗೆ ತಂದೆ ಹೋಟೆಲಿನಲ್ಲಿ ಇಡ್ಲಿಯ ಮೊದಲ ಅಟ್ಟೆ ಇಳಿಸುತ್ತಿರುತ್ತಾನೆ. ಅವನು ರಾತ್ರಿ ಹನ್ನೊಂದಕ್ಕೆ ಮನೆ ಸೇರುವಾಗ ಮಗಳು ಮಲಗಿರುತ್ತಾಳೆ. ಹಣವುಳ್ಳವರು ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಕಾರಿನಲ್ಲಿ ಕರೆತರುತ್ತಾರೆ. ನಾವು ಮಕ್ಕಳನ್ನು ನಂಬಿಕೆಯ ಮೇಲೆ ಬಿಡುತ್ತೇವೆ. ಹಾಗೆ ಬಿಡುವಾಗ ಆ ನಂಬಿಕೆಯನ್ನು ಹೊತ್ತವರು ಯಾರೆಂದು ತಿಳಿದುಕೊಳ್ಳುವ ಹಕ್ಕು ನಮಗಿದೆ.

ಕೇಳಿದರೆ ಕಾಲೇಜಿನವರು ಮೂರು ವಸ್ತುಗಳನ್ನು ತೋರಿಸುತ್ತಾರೆ: ಗೋಡೆ, ಕ್ಯಾಮರಾ, ಗೇಟಿನಲ್ಲಿ ನಿಂತ ವಾಚ್‌ಮನ್. ಈ ಮೂರೂ ಬೇಕು. ಆದರೆ ಇವು ಮೂರಿದ್ದ ಮಾತ್ರಕ್ಕೆ ರಕ್ಷಣೆಯಾಯಿತೆಂದು ನಾವು ಒಪ್ಪಲಾರೆವು. ಗೋಡೆಯ ಮಾತನ್ನು ಮಲಾಡಿನವರಿಗೆ ಹೇಳಬೇಕಾಗಿಯೇ ಇಲ್ಲ. ೨೦೧೯ರ ಜುಲೈ ೨ರಂದು, ಜನ ಮಲಗಿದ್ದ ಅಪರಾತ್ರಿಯಲ್ಲಿ, ಮಲಾಡ್ ಪೂರ್ವದ ಪಿಂಪ್ರಿಪಾಡಾದಲ್ಲಿ ನಗರಪಾಲಿಕೆಯ ಜಲಾಶಯದ ಆವರಣ ಗೋಡೆ ಮಳೆನೀರಿನ ಒತ್ತಡಕ್ಕೆ ಕುಸಿದು ಗುಡಿಸಲುಗಳ ಮೇಲೆ ಬಿತ್ತು. ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಆ ಗೋಡೆ ಕಟ್ಟಿ ಬಹಳ ಕಾಲವೂ ಆಗಿರಲಿಲ್ಲ. ಗೋಡೆ ಕಟ್ಟಿಸಿದವರಿದ್ದರು, ಬಿಲ್ಲು ಪಾಸು ಮಾಡಿದವರಿದ್ದರು. ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿ 'ಇದು ನನ್ನ ಹೊಣೆ' ಎನ್ನುವ ಒಬ್ಬರು ಇರಲಿಲ್ಲ. ಕಾಲೇಜಿನ ಆವರಣಕ್ಕೂ ಇದೇ ಮಾತು ಸಲ್ಲುತ್ತದೆ.

ನಮ್ಮ ಹೋಟೆಲುಗಳನ್ನೇ ನೋಡಿ. ಭಟ್ಟಿಗೆ ಒಬ್ಬ, ಗಲ್ಲೆಗೆ ಒಬ್ಬ, ಸ್ಟೋರಿನ ಕೀಲಿಗೆ ಒಬ್ಬ. ಹಾಲು ಒಡೆದರೆ ಯಾರನ್ನು ಕೇಳಬೇಕೆಂಬುದು ನಿನ್ನೆ ಸೇರಿದ ಹುಡುಗನಿಗೂ ಗೊತ್ತು. ಗಿರಣಿಯಲ್ಲಿ ದುಡಿದ ಹಿರಿಯರಿಗೂ ಇದು ತಿಳಿದದ್ದೇ. ಇಲಾಖೆಗೆ ಜಾಬರನಿದ್ದ, ಅವನ ಮೇಲೆ ಮಾಸ್ತರನಿದ್ದ. ಒಂದು ಗ್ಲಾಸು ಹಾಲಿಗೆ ಹೊಣೆಗಾರನಿರುವ ಈ ನಗರದಲ್ಲಿ ಸಾವಿರ ಮಕ್ಕಳು ಕೂಡುವ ಕಟ್ಟಡಕ್ಕೆ ಹೊಣೆಗಾರನ ಹೆಸರು ಇಲ್ಲವೆಂದರೆ ಅದನ್ನು ಸಹಿಸುವುದು ಹೇಗೆ?

ಪರೇಲಿನಿಂದ ಬದ್ಲಾಪುರದ ತನಕ

ನಮ್ಮ ಊರಿನ ಕಡೆಯ ಒಬ್ಬ ಹೆಣ್ಣುಮಗಳ ಹೆಸರನ್ನು ಇಲ್ಲಿ ನೆನೆಯುವುದು ನಮ್ಮ ಕರ್ತವ್ಯ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಅರುಣಾ ಶಾನಭಾಗ ಮುಂಬಯಿಗೆ ಬಂದು ದಾದಿಯಾದಳು. ಪರೇಲಿನ ಕೆ. ಇ. ಎಂ. ಆಸ್ಪತ್ರೆ ಬರಿಯ ಆಸ್ಪತ್ರೆಯಲ್ಲ, ಜಿ. ಎಸ್. ಮೆಡಿಕಲ್ ಕಾಲೇಜು ಕೂಡ ಅದೇ ಆವರಣದಲ್ಲಿದೆ. ಸುತ್ತಲೂ ಆಗ ನಮ್ಮವರು ದುಡಿಯುತ್ತಿದ್ದ ಗಿರಣಿಗಳು. ೧೯೭೩ರ ನವೆಂಬರ್ ೨೭ರಂದು, ಕೆಲಸ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಇಳಿದಾಗ ಅದೇ ಆಸ್ಪತ್ರೆಯ ಒಬ್ಬ ಜಾಡಮಾಲಿ ಅವಳ ಮೇಲೆ ಎರಗಿ, ನಾಯಿಯ ಸರಪಳಿಯಿಂದ ಕೊರಳು ಬಿಗಿದು ಅತ್ಯಾಚಾರ ಮಾಡಿದ. ಅವಳು ಸಾಯಲಿಲ್ಲ, ಮತ್ತೆ ಎಚ್ಚರಗೊಂಡು ಬದುಕಲೂ ಇಲ್ಲ. ೨೦೧೫ರ ಮೇ ೧೮ರ ತನಕ, ನಾಲ್ವತ್ತೊಂದು ವರ್ಷ ದಾಟಿ, ಆ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಇದ್ದಳು. ಅಪರಾಧಿಗೆ ಕಳವು ಮತ್ತು ಕೊಲೆಯತ್ನಕ್ಕಾಗಿ ಏಳು ವರ್ಷ ಸಜೆಯಾಯಿತು. ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ.

ಅಷ್ಟು ವರ್ಷ ಅವಳನ್ನು ಮಗುವಿನಂತೆ ನೋಡಿಕೊಂಡವರು ಅವಳ ಜೊತೆಗಾರ್ತಿ ದಾದಿಯರು, ಅನಂತರ ಅವರ ಜಾಗಕ್ಕೆ ಬಂದ ಕಿರಿಯ ದಾದಿಯರು. ಘಟನೆಯಾದಾಗ ಕೆಲಸ ನಿಲ್ಲಿಸಿ ಹೆಚ್ಚಿನ ರಕ್ಷಣೆ ಕೇಳಿದವರೂ ಅವರೇ. ಕಾರ್ಮಿಕರು ಇದನ್ನು ಮರೆಯಬಾರದು. ಸುರಕ್ಷತೆಯ ಬೇಡಿಕೆ ಎತ್ತಿದವರು ಅಧಿಕಾರದ ಕುರ್ಚಿಯಲ್ಲಿದ್ದವರಲ್ಲ, ದಿನವೂ ಆ ನೆಲಮಾಳಿಗೆಗೆ ಇಳಿಯಬೇಕಾಗಿದ್ದ ಹೆಂಗಸರು.

ಅದಾಗಿ ಸುಮಾರು ಐವತ್ತು ವರ್ಷ ಕಳೆದಿತ್ತು. ೨೦೨೩ರ ಜೂನಿನಲ್ಲಿ ಚರ್ನಿ ರೋಡಿನ ಸರಕಾರಿ ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ, ಅಕೋಲಾದಿಂದ ಓದಲು ಬಂದ ಹದಿನೆಂಟು ವರ್ಷದ ಹುಡುಗಿ ತನ್ನ ಕೋಣೆಯಲ್ಲೇ ಕೊಲೆಯಾದಳು. ಪೋಲೀಸರು ಆರೋಪಿಯೆಂದು ಹೇಳಿದ್ದು ಹಾಸ್ಟೆಲಿನ ಕಾವಲುಗಾರನನ್ನೇ. ಅವನ ಶವವೂ ಅಂದೇ ರೈಲು ಹಳಿಯ ಮೇಲೆ ಸಿಕ್ಕಿತು. ವರ್ಷಗಟ್ಟಲೆ ಅಲ್ಲಿಯೇ ಬಟ್ಟೆ ತೊಳೆಯುವ ಕೆಲಸಕ್ಕಿದ್ದವನು ಕಾವಲನ್ನೂ ನೋಡುತ್ತಿದ್ದ. ಅವನ ನಡತೆ ತನಗೆ ಸರಿಕಾಣುತ್ತಿಲ್ಲವೆಂದು ಮಗಳು ಮೊದಲೇ ಹೇಳಿದ್ದಳೆಂದು ಮನೆಯವರು ಅಂದದ್ದು ಪತ್ರಿಕೆಗಳಲ್ಲಿ ಬಂತು. ಸಮುದ್ರದ ದಂಡೆಯ ಆ ಕಟ್ಟಡಕ್ಕೆ ಗೋಡೆಯಿತ್ತು, ಗೇಟಿತ್ತು, ವಾಚ್‌ಮನ್ ಇದ್ದ. ಒಬ್ಬ ಹುಡುಗಿ ಅಂಜಿ ಆಡಿದ ಮೊದಲ ಮಾತನ್ನು ಬರೆದುಕೊಂಡು ಮರುದಿನವೇ ವಿಚಾರಿಸುವ ವ್ಯವಸ್ಥೆ ಮಾತ್ರ ಕಾಣಲಿಲ್ಲ.

ಮರುವರ್ಷ ಬದ್ಲಾಪುರ. ೨೦೨೪ರ ಆಗಸ್ಟಿನಲ್ಲಿ ಅಲ್ಲಿಯ ಒಂದು ಶಾಲೆಯಲ್ಲಿ ನಾಲ್ಕು ವರ್ಷದ ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತೆಂಬ ದೂರು ಎದ್ದಿತು. ಆರೋಪಿ ಗುತ್ತಿಗೆಯ ಮೂಲಕ ಅದೇ ತಿಂಗಳು ಕೆಲಸಕ್ಕೆ ಸೇರಿದವನು. ದೂರು ದಾಖಲಿಸಿಕೊಳ್ಳಲು ಪೋಲೀಸ್ ಠಾಣೆಯಲ್ಲಿ ತಂದೆತಾಯಿಗಳನ್ನು ಗಂಟೆಗಟ್ಟಲೆ ಕಾಯಿಸಲಾಯಿತು. ಆಗಸ್ಟ್ ೨೦ರಂದು ಜನ ಹಳಿಯ ಮೇಲೆ ಕುಳಿತು ರೈಲು ತಡೆದರು. ಮುಂಬಯಿ ಉಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಸರಕಾರ ಶಾಲೆಗಳಲ್ಲಿ ಕ್ಯಾಮರಾ ಹಾಕಿಸಬೇಕು, ನೌಕರರ ಪೂರ್ವಾಪರ ವಿಚಾರಿಸಬೇಕು ಎಂದು ಆಜ್ಞೆ ಹೊರಡಿಸಿತು. ಶಾಲೆಗಳಲ್ಲಿ 'ಸಖಿ ಸಾವಿತ್ರಿ' ಸಮಿತಿ ಇರಬೇಕೆಂಬ ಆದೇಶ ೨೦೨೨ರಲ್ಲಿಯೇ ಆಗಿತ್ತು. ಕಾಗದದ ಮೇಲಿನ ಆದೇಶ ಜೀವ ತಳೆಯಲು ಸಾವಿರಾರು ಜನ ಹಳಿಗೆ ಇಳಿಯಬೇಕಾಯಿತು.

ಊರಿನ ಕಡೆಯೂ ಬೇರೆಯಿಲ್ಲ. ೨೦೨೪ರ ಏಪ್ರಿಲ್ ೧೮ರಂದು ಹುಬ್ಬಳ್ಳಿಯ ಬಿ. ವಿ. ಬಿ. ಕಾಲೇಜಿನ ಆವರಣದಲ್ಲಿ ಹಾಡುಹಗಲೇ ಒಬ್ಬ ವಿದ್ಯಾರ್ಥಿನಿಯನ್ನು ಅವಳ ಹಿಂದಿನ ಸಹಪಾಠಿಯೊಬ್ಬ ಚೂರಿಯಿಂದ ಇರಿದು ಕೊಂದ. ಅನಂತರ ಎದ್ದ ಗದ್ದಲದಲ್ಲಿ ಜಾತಿ, ಮತ, ಪಕ್ಷ ಎಲ್ಲವೂ ಮಾತಾಡಿದವು. ಆವರಣದೊಳಗೆ ಮಕ್ಕಳನ್ನು ಕಾಯುವ ಬಗೆ ಹೇಗೆ ಎಂಬ ಚರ್ಚೆ ಮಾತ್ರ ಎಲ್ಲಿಯೋ ಕಳೆದುಹೋಯಿತು.

ಬೆಂಕಿ, ನೀರು, ನೂಕುನುಗ್ಗಲು

ಸುರಕ್ಷತೆಯೆಂದರೆ ಹೆಣ್ಣುಮಕ್ಕಳ ಮಾನದ ಪ್ರಶ್ನೆಯಷ್ಟೇ ಎಂದು ಯಾರೂ ತಿಳಿಯಬಾರದು. ಅಡಿಗೆಮನೆಯ ಬೆಂಕಿಯನ್ನು ಬಲ್ಲವರು ನಾವು. ೨೦೦೪ರ ಜುಲೈ ೧೬ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡಿಗೆಯ ಕಿಚ್ಚು ಹುಲ್ಲಿನ ಮಾಡಿಗೆ ಹತ್ತಿ ೯೪ ಮಕ್ಕಳು ಬೆಂದುಹೋದರು. ೨೦೧೯ರ ಮೇ ೨೪ರಂದು ಸೂರತ್ತಿನ ಒಂದು ಕಟ್ಟಡದ ಮೇಲಂತಸ್ತಿನ ಕ್ಲಾಸಿನಲ್ಲಿ ಬೆಂಕಿ ಬಿದ್ದಾಗ ಇಳಿಯಲು ದಾರಿ ಕಾಣದೆ ಮಕ್ಕಳು ಕಿಟಕಿಯಿಂದ ಹಾರಿದರು. ೨೨ ಮಂದಿ ಸತ್ತರು. ೨೦೨೪ರ ಜುಲೈ ೨೭ರಂದು ದಿಲ್ಲಿಯ ಕೋಚಿಂಗ್ ಕ್ಲಾಸೊಂದರ ನೆಲಮಾಳಿಗೆಯ ವಾಚನಾಲಯಕ್ಕೆ ಮಳೆನೀರು ನುಗ್ಗಿ ಮೂವರು ಮುಳುಗಿದರು. ೨೦೨೩ರ ನವೆಂಬರ್ ೨೫ರಂದು ಕೊಚ್ಚಿಯ ವಿಶ್ವವಿದ್ಯಾಲಯದ ಉತ್ಸವದಲ್ಲಿ ಮಳೆ ಬಂದು ಜನ ಒಮ್ಮೆಲೇ ಒಳನುಗ್ಗಿದಾಗ ಮೆಟ್ಟಿಲಲ್ಲಿ ನೂಕಾಟವಾಗಿ ನಾಲ್ವರು ತೀರಿಹೋದರು.

ನಮ್ಮ ಮುಂಬಯಿಯಲ್ಲೇ ೨೦೧೭ರ ಡಿಸೆಂಬರ್ ೨೯ರ ನಡುರಾತ್ರಿ ಕಮಲಾ ಮಿಲ್ಲಿನ ಆವರಣದ ಉಪಾಹಾರಗೃಹಗಳಿಗೆ ಬೆಂಕಿ ಹತ್ತಿದ್ದನ್ನು ನೆನೆಯಿರಿ. ಒಂದು ಕಾಲಕ್ಕೆ ನಮ್ಮ ಹಿರಿಯರು ಬೆವರು ಸುರಿಸಿದ ಅಂಥ ಗಿರಣಿಯ ನೆಲ ಅದು. ೧೪ ಜನ ಸತ್ತರು. ಹೊರಹೋಗುವ ದಾರಿ ಸಿಗದೆ ಹಲವರು ಕಕ್ಕಸಿನ ಕೋಣೆಯಲ್ಲಿ ಅಡಗಿ ಹೊಗೆಯಲ್ಲಿ ಉಸಿರುಕಟ್ಟಿದರು. ದಾರಿ ತೋರಿಸುವ ಒಬ್ಬ, ಬೀಗವಿಲ್ಲದ ಒಂದು ಬಾಗಿಲು, ಮೊದಲೇ ಮಾಡಿಸಿದ ಎರಡು ಅಭ್ಯಾಸ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು! ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ. ಮುಂಚಿತವಾಗಿ ಯೋಚಿಸುವ ತಲೆ ಬೇಕು, ಆ ತಲೆಗೆ ಅಧಿಕಾರ ಬೇಕು.

ಅಮೇರಿಕದಲ್ಲಿ ತಂದೆತಾಯಿ ಮಾಡಿದ ಕೆಲಸ

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ೧೯೮೬ರಲ್ಲಿ ಅಮೇರಿಕದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯನ್ನು ಅಲ್ಲಿಯೇ ಓದುತ್ತಿದ್ದವನೊಬ್ಬ ಕೊಂದನು. ತಾನಾಗಿ ಬೀಗ ಬೀಳುವ ಬಾಗಿಲುಗಳಿದ್ದವು. ಓಡಾಟಕ್ಕೆ ಅನುಕೂಲವೆಂದು ಅವಕ್ಕೆ ಅಡ್ಡವಿಟ್ಟು ತೆರೆದಿಟ್ಟಿದ್ದರು. ಆ ಆವರಣದಲ್ಲಿ ಅದಕ್ಕೂ ಮೊದಲು ನಡೆದಿದ್ದ ಅಪರಾಧಗಳ ಲೆಕ್ಕವನ್ನು ತಮಗೆ ಯಾರೂ ಹೇಳಿರಲಿಲ್ಲವೆಂದು ತಂದೆತಾಯಿ ಪಟ್ಟುಹಿಡಿದು ಹೋರಾಡಿದರು. ೧೯೯೦ರಲ್ಲಿ ಕಾನೂನೇ ಆಯಿತು. ಸರಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿಯೊಂದು ಕಾಲೇಜೂ, ಬಡವರ ಮಕ್ಕಳು ಹೆಚ್ಚಾಗಿ ಓದುವ ಅಲ್ಲಿಯ ಸಮುದಾಯ ಕಾಲೇಜುಗಳು ಸಹ, ತನ್ನ ಆವರಣದ ಅಪರಾಧಗಳ ಸಂಖ್ಯೆಯನ್ನು ವರ್ಷವರ್ಷ ಪ್ರಕಟಿಸಬೇಕು. ಅಪಾಯವಿದ್ದಾಗ ವಿದ್ಯಾರ್ಥಿಗಳಿಗೆ ಕೂಡಲೇ ತಿಳಿಸಬೇಕು. ಕಾವಲು ಪಡೆಯುಳ್ಳ ಕಾಲೇಜು ದಿನದಿನದ ಅಪರಾಧದ ದಾಖಲೆಪುಸ್ತಕವನ್ನು ಕೇಳಿದವರಿಗೆ ತೋರಿಸಬೇಕು. ಸುಳ್ಳು ಲೆಕ್ಕ ಕೊಟ್ಟರೆ ದಂಡ.

ಅಮೇರಿಕದಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುವುದಿಲ್ಲ. ಅಲ್ಲಿ ಬಂದೂಕು ಹಿಡಿದು ತರಗತಿಗೆ ನುಗ್ಗುವವರಿದ್ದಾರೆ. ಆದರೆ ಲೆಕ್ಕ ಬಚ್ಚಿಡಬಾರದೆಂಬ ಅವರ ನಿಯಮ ಒಳ್ಳೆಯದು. ನಮ್ಮಲ್ಲಿ ನಡೆಯುವುದೇನು? ದೂರು ಬಂದರೆ ಕಾಲೇಜಿನ ಹೆಸರು ಕೆಡುತ್ತದೆಂದು ಅದುಮಿಬಿಡುವುದು. ದೂರು ಇಲ್ಲದ ಕಾಲೇಜು ಒಳ್ಳೆಯದೆಂದು ನಾವೂ ನಂಬುವುದು. ಹೋಟೆಲಿನ ದೂರಿನ ಪುಸ್ತಕ ಖಾಲಿಯಿದ್ದರೆ ಊಟ ಚೆನ್ನಾಗಿದೆಯೆಂದೇ ಅರ್ಥವಲ್ಲ. ಪುಸ್ತಕವನ್ನು ಗಲ್ಲೆಯ ಒಳಗೆ ಇಟ್ಟು ಬೀಗ ಹಾಕಿದ್ದರೂ ಅದು ಖಾಲಿಯೇ ಇರುತ್ತದೆ.

ಗೇಟಿನಲ್ಲಿ ನಿಂತವನೂ ನಮ್ಮವನೇ

ಇನ್ನು ವಾಚ್‌ಮನ್ನನ ಮಾತು. ೧೯೮೨ರ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಎಷ್ಟೋ ಕಾರ್ಮಿಕರು ಕಾವಲುಗಾರರಾದರು. ಮಗ್ಗ ನಡೆಸಿದ ಕೈ ಲಾಠಿ ಹಿಡಿಯಿತು. ವಯಸ್ಸು ಮೀರಿ ಹೋಟೆಲು ಬಿಟ್ಟವರೂ ಈ ಕೆಲಸಕ್ಕೆ ಸೇರುವುದುಂಟು. ಆದ್ದರಿಂದ ಕಾಲೇಜಿನ ಗೇಟಿನ ಎರಡೂ ಕಡೆ ನಮ್ಮವರಿದ್ದಾರೆ: ಒಳಗೆ ಹೋಗುವ ಮಗು ನಮ್ಮದು, ಹೊರಗೆ ನಿಂತ ಕಾವಲುಗಾರನೂ ನಮ್ಮವನು.

ಅವನ ಸ್ಥಿತಿ ಹೇಗಿದೆ? ಹನ್ನೆರಡು ಗಂಟೆಯ ಪಾಳಿ ಈ ಧಂಧೆಯಲ್ಲಿ ವಾಡಿಕೆಯಾಗಿಬಿಟ್ಟಿದೆ. ಬದಲಿಯವನು ಬಾರದಿದ್ದರೆ ಇಪ್ಪತ್ತನಾಲ್ಕು. ಕುಳಿತರೆ ದಂಡ ಹಾಕುವ ಏಜೆನ್ಸಿಗಳಿವೆ. ಸಮವಸ್ತ್ರದ ಹಣವನ್ನು ಪಗಾರದಲ್ಲಿ ಮುರಿಯುವುದುಂಟು. ಕಾಲೇಜು ಏಜೆನ್ಸಿಗೆ ಒಂದು ಮೊತ್ತ ಕೊಡುತ್ತದೆ, ಏಜೆನ್ಸಿ ಇವನಿಗೆ ಬೇರೊಂದು ಮೊತ್ತ ಕೊಡುತ್ತದೆ. ನಡುವೆ ಎಷ್ಟು ಸೋರಿತೆಂದು ಕೇಳುವಂತಿಲ್ಲ. ಮುಖ್ಯೋಪಾಧ್ಯಾಯರೋ ಪ್ರಿನ್ಸಿಪಾಲರೋ ಇವನ ಹೆಸರು ಅರಿಯರು. ಶ್ರೀಮಂತರ ಹುಡುಗ ಗುರುತುಚೀಟಿ ತೋರಿಸದೆ ಮೋಟಾರ್ ಸೈಕಲ್ ನುಗ್ಗಿಸಿದರೆ ತಡೆಯುವ ಅಧಿಕಾರ ಇವನಿಗಿಲ್ಲ. ತಡೆದರೆ ಕೆಲಸ ಹೋಗುತ್ತದೆ, ತಡೆಯದೆ ಏನಾದರೂ ಆದರೆ ಜೈಲಿಗೆ ಹೋಗುವವನು ಇವನೇ. ಅಧಿಕಾರ ಮೇಲಿನವರಿಗೆ, ಅಪವಾದ ಕೆಳಗಿನವನಿಗೆ!

ಕಾನೂನು ಇಲ್ಲದಿಲ್ಲ. ಮಾಥಾಡಿ ಕಾರ್ಮಿಕರಿಗೆ ೧೯೬೯ರಲ್ಲಿ ಕಾಯಿದೆಯಾದಂತೆ, ಖಾಸಗಿ ಭದ್ರತಾ ರಕ್ಷಕರಿಗಾಗಿ ಮಹಾರಾಷ್ಟ್ರ ೧೯೮೧ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿತು. ಅದರಂತೆ ಬೃಹನ್ಮುಂಬಯಿ ಮತ್ತು ಠಾಣೆಗೆ ಸುರಕ್ಷಾ ರಕ್ಷಕ ಮಂಡಳಿ ಇದೆ. ಮಾಲಿಕನು ಪಗಾರವನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಮಂಡಳಿ ರಕ್ಷಕನಿಗೆ ಪಗಾರ, ಪ್ರಾವಿಡೆಂಟ್ ಫಂಡ್, ಗ್ರಾಚ್ಯುಟಿ ನೋಡಿಕೊಳ್ಳಬೇಕು. ಕೇಂದ್ರದ ೨೦೦೫ರ ಕಾಯಿದೆಯ ಪ್ರಕಾರ ಖಾಸಗಿ ಏಜೆನ್ಸಿಗೆ ಲೈಸೆನ್ಸು ಬೇಕು, ಪ್ರತಿಯೊಬ್ಬ ರಕ್ಷಕನ ಪೂರ್ವಾಪರ ವಿಚಾರಣೆಯಾಗಬೇಕು. ೨೦೦೬ರ ಮಾದರಿ ನಿಯಮಗಳು ಹೊಸಬನಿಗೆ ನೂರು ಗಂಟೆ ತರಗತಿಯ ಪಾಠ, ಅರವತ್ತು ಗಂಟೆ ಕ್ಷೇತ್ರದ ತರಬೇತಿ ಎಂದು ಹೇಳಿದ್ದವು. ನಮ್ಮ ಮಕ್ಕಳ ಕಾಲೇಜಿನ ಗೇಟಿನಲ್ಲಿ ನಿಂತ ಮುದುಕನಿಗೆ ಇದರಲ್ಲಿ ಹತ್ತು ಗಂಟೆಯಾದರೂ ಸಿಕ್ಕಿದೆಯೇ? ವಿಚಾರಿಸಿ ನೋಡಿರಿ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. 'ಚರ್ನಿ ರೋಡಿನಲ್ಲಿ ಆರೋಪಿ ಕಾವಲುಗಾರ, ಬದ್ಲಾಪುರದಲ್ಲಿ ಗುತ್ತಿಗೆಯ ನೌಕರ, ಪರೇಲಿನಲ್ಲಿ ಜಾಡಮಾಲಿ. ಹೀಗಿರುವಾಗ ನೀವು ಕಾವಲುಗಾರನ ಪರವಾಗಿ ಹೇಗೆ ಮಾತಾಡುತ್ತೀರಿ?' ನಮ್ಮ ಉತ್ತರ ನೇರವಾಗಿದೆ. ದುಡಿಯುವವನೆಂಬ ಕಾರಣಕ್ಕೆ ಅಪರಾಧಿಯನ್ನು ನಮ್ಮವನೆಂದು ನಾವು ಅಪ್ಪಿಕೊಳ್ಳುವುದಿಲ್ಲ. ಹೆಣ್ಣುಮಗಳ ಮೈಮುಟ್ಟಿದವನಿಗೆ ಸಂಘದ ಚೀಟಿ ಕವಚವಾಗಬಾರದು. ಪೋಲೀಸ್ ವಿಚಾರಣೆಯನ್ನು ನಾವು ವಿರೋಧಿಸುವುದೂ ಇಲ್ಲ. ಪ್ರಾಮಾಣಿಕನಿಗೆ ಅದರಿಂದ ನಷ್ಟವಿಲ್ಲ. ಆದರೆ ನೆನಪಿರಲಿ: ಯಾರೆಂದು ವಿಚಾರಿಸದೆ ಅಗ್ಗಕ್ಕೆ ಸಿಕ್ಕವನನ್ನು ತಂದು ನಿಲ್ಲಿಸುವವರು, ಬಟ್ಟೆ ತೊಳೆಯುವವನಿಗೇ ಕಾವಲೂ ಒಪ್ಪಿಸುವವರು, ಮೇಲೆ ಕುಳಿತ ಆಡಳಿತದವರು. ಕಡಿಮೆ ಕೂಲಿಯ ಕಾವಲು ಕೊನೆಗೆ ಬಹಳ ದುಬಾರಿಯಾಗುತ್ತದೆ, ಆ ಬೆಲೆಯನ್ನು ತೆರುವವರು ನಮ್ಮ ಮಕ್ಕಳು.

ಇನ್ನೊಂದು ಅಪಾಯ ನಮ್ಮ ಮನೆಯೊಳಗೇ ಇದೆ. ಎಲ್ಲಿಯೋ ಇಂಥ ಸುದ್ದಿ ಬಂದೊಡನೆ 'ಮಗಳನ್ನು ಕಳಿಸುವುದೇ ಬೇಡ, ಊರಿಗೆ ಕಳಿಸಿ ಮದುವೆ ಮಾಡೋಣ' ಎನ್ನುವವರು ಇದ್ದಾರೆ. ಕಾಲೇಜಿನವರೂ ಇದೇ ದಾರಿ ಹಿಡಿದು ಹುಡುಗಿಯರಿಗೆ ಮಾತ್ರ ಬೇಗ ಮನೆಗೆ ಹೋಗಿರೆಂದು ನಿಯಮ ಮಾಡುತ್ತಾರೆ. ವಾಚನಾಲಯ ಹುಡುಗರಿಗೆ ರಾತ್ರಿ ಎಂಟರ ತನಕ, ಹುಡುಗಿಯರಿಗೆ ಐದರ ತನಕ! ಕಳ್ಳನಿಗೆ ಅಂಜಿ ಮನೆಯವರನ್ನೇ ಕೋಣೆಯಲ್ಲಿ ಕೂಡಿಹಾಕಿದ ಹಾಗಾಯಿತು. ನಮ್ಮ ಹಿಂದಿನವರು ಇಡೀ ದಿನ ಹೋಟೆಲಿನಲ್ಲಿ ಗ್ಲಾಸು ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ಮುಂಬಯಿಯ ಕನ್ನಡಿಗರ ಸಂಘಗಳು ನಡೆಸಿದ ಆ ರಾತ್ರಿ ಶಾಲೆಗಳಿಂದ ವಕೀಲರು, ಗುಮಾಸ್ತರು, ಹೋಟೆಲು ಮಾಲಿಕರು ಹೊರಬಂದರು. ಒಬ್ಬ ಹುಡುಗ ಎರಡು ದಿನ ಬಾರದಿದ್ದರೆ ಮೇಷ್ಟರು ಅವನ ಹೋಟೆಲಿನ ಬಾಗಿಲಿಗೇ ಬಂದು ವಿಚಾರಿಸುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಕ್ಯಾಮರಾ ಇಲ್ಲದ ಕಾಲದ ಕಾವಲು ಅದು. ಆ ಅಕ್ಕರೆಯನ್ನೇ ಇಂದು ದೊಡ್ಡ ಕಾಲೇಜಿನಲ್ಲಿ ನಿಯಮವಾಗಿ ಬರೆದು, ಒಬ್ಬರ ಹೆಗಲಿಗೆ ಹೊರಿಸಬೇಕಾಗಿದೆ.

ನಮ್ಮ ಐದು ಬೇಡಿಕೆಗಳು

ಮಲಾಡಿನ ಯಾವ ಕಾಲೇಜನ್ನೂ ಹೆಸರು ಹಿಡಿದು ದೂರುವ ಉದ್ದೇಶ ನಮಗಿಲ್ಲ. ಎಲ್ಲ ಕಾಲೇಜುಗಳ ಆಡಳಿತದವರ ಮುಂದೆ ಈ ಐದು ಮಾತುಗಳನ್ನು ಇಡುತ್ತೇವೆ.

ಒಂದನೆಯದು: ಪ್ರತಿಯೊಂದು ಕಾಲೇಜಿನಲ್ಲಿ ಸುರಕ್ಷತೆಗೆ ಒಬ್ಬ ಮುಖ್ಯಸ್ಥರು ಇರತಕ್ಕದ್ದು. ಅವರ ಹೆಸರು, ಫೋನ್ ನಂಬರು ಗೇಟಿನ ಫಲಕದ ಮೇಲೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇರತಕ್ಕದ್ದು. ಅವರು ರಜೆಯಲ್ಲಿದ್ದರೆ ಬದಲಿಯವರ ಹೆಸರು ಇರಲಿ. ಬೆಳಗಿನ ಪಾಳಿಗೂ ಸಂಜೆಯ ಪಾಳಿಗೂ ಹೊಣೆಗಾರರು ಬೇಕು. ಅವರು ಪ್ರಿನ್ಸಿಪಾಲರೊಡನೆ ನೇರವಾಗಿ ಮಾತಾಡುವ, ತಪ್ಪು ಕಂಡಲ್ಲಿ ಬೀಗ ತೆಗೆಸುವ, ಕಾರ್ಯಕ್ರಮ ನಿಲ್ಲಿಸುವ ಅಧಿಕಾರವುಳ್ಳವರಾಗಿರಬೇಕು.

ಎರಡನೆಯದು: ದೂರಿನ ಪುಸ್ತಕ. ಸಣ್ಣದೆಂದು ಯಾವ ದೂರನ್ನೂ ಬಿಡಬಾರದು. ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂಬ ಸಂಖ್ಯೆಯನ್ನು, ದೂರು ಕೊಟ್ಟವರ ಹೆಸರು ಬಯಲು ಮಾಡದೆ, ವರ್ಷಕ್ಕೊಮ್ಮೆ ಪಾಲಕರ ಸಭೆಯಲ್ಲಿ ಓದಿಹೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೫ರ ನಿಯಮದಂತೆ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಹಿರಿಯ ಅಧ್ಯಾಪಕಿಯೊಬ್ಬರು ಅದರ ಅಧ್ಯಕ್ಷೆ. ಬೋಧಕೇತರ ನೌಕರರಿಂದ ಇಬ್ಬರು, ವಿದ್ಯಾರ್ಥಿಗಳ ವಿಷಯವಿದ್ದರೆ ಮೂವರು ವಿದ್ಯಾರ್ಥಿಗಳು ಅದರಲ್ಲಿ ಕೂಡಬೇಕು. ವಿಚಾರಣೆ ೯೦ ದಿನಗಳಲ್ಲಿ ಮುಗಿಯಬೇಕು. ಈ ಸಮಿತಿಯ ಸದಸ್ಯರ ಹೆಸರುಗಳೂ ಅದೇ ಫಲಕದ ಮೇಲೆ ಬರಲಿ.

ಮೂರನೆಯದು: ಕಾವಲುಗಾರರನ್ನು ಮಂಡಳಿಯಿಂದ ಅಥವಾ ಲೈಸೆನ್ಸುಳ್ಳ ಏಜೆನ್ಸಿಯಿಂದಲೇ ತೆಗೆದುಕೊಳ್ಳಬೇಕು. ಎಂಟು ಗಂಟೆಯ ಪಾಳಿ, ಪೂರ್ಣ ಪಗಾರ, ತರಬೇತಿ, ಕೂರಲು ಕುರ್ಚಿ, ಕುಡಿಯಲು ನೀರು, ಕೈಯಲ್ಲಿ ಟಾರ್ಚು ಇರಬೇಕು. ಹುಡುಗಿಯರು ಓದುವ ಕಡೆ ಹೆಂಗಸರು ಕಾವಲಿಗಿರಲಿ. ಅವರಿಗೆ ಪ್ರತ್ಯೇಕ ಶೌಚಾಲಯವೂ ಬಟ್ಟೆ ಬದಲಿಸುವ ಕೋಣೆಯೂ ಇರಲಿ. ಪರೇಲಿನ ನೆಲಮಾಳಿಗೆಯ ಪಾಠ ಇಷ್ಟನ್ನಾದರೂ ಕಲಿಸಬೇಕು.

ನಾಲ್ಕನೆಯದು: ವರ್ಷಕ್ಕೆ ಎರಡು ಸಲ ಬೆಂಕಿಯ ಅಭ್ಯಾಸ. ಎರಡನೆಯ ಮೆಟ್ಟಿಲನ್ನು ಮುರುಕು ಬೆಂಚು ತುಂಬಿಸಿಡುವ ಕೋಣೆ ಮಾಡಬಾರದು. ಉತ್ಸವಗಳಲ್ಲಿ ಒಳಗೆ ಎಷ್ಟು ಜನ ಹಿಡಿಸುತ್ತಾರೋ ಅಷ್ಟೇ ಜನಕ್ಕೆ ಪ್ರವೇಶ. ಹೊರಹೋಗುವ ಬಾಗಿಲು ತರಗತಿ ನಡೆಯುವಷ್ಟು ಹೊತ್ತೂ ತೆರೆದಿರಬೇಕು. ಮಳೆಗಾಲಕ್ಕೆ ಮೊದಲು ಗೋಡೆ, ವಿದ್ಯುತ್ ತಂತಿ, ಚರಂಡಿಗಳ ತಪಾಸಣೆಯಾಗಬೇಕು.

ಐದನೆಯದು: ಮೂರು ತಿಂಗಳಿಗೊಮ್ಮೆ ಸುರಕ್ಷತೆಯ ಸಭೆ. ಅದರಲ್ಲಿ ವಿದ್ಯಾರ್ಥಿಗಳು, ಪಾಲಕರು, ಗೇಟಿನ ಕಾವಲುಗಾರರು, ಕ್ಯಾಂಟೀನಿನ ಕೆಲಸಗಾರರು ಎಲ್ಲರಿಗೂ ಜಾಗವಿರಲಿ. ಕಾಲೇಜಿನಲ್ಲಿ ಏನು ನಡೆಯುತ್ತದೆಂಬುದು ಹಲವು ಸಲ ಪ್ರಿನ್ಸಿಪಾಲರಿಗಿಂತ ಕ್ಯಾಂಟೀನಿನ ಹುಡುಗನಿಗೆ ಮೊದಲು ತಿಳಿಯುತ್ತದೆ. ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಇಟ್ಟರೆ ಹೋಟೆಲಿನವರು ಬಿಡುವಿನಲ್ಲಿ ಬಂದು ಹೋಗಬಹುದು.

'ನಮ್ಮದು ಸಣ್ಣ ಕಾಲೇಜು, ಹಣವೆಲ್ಲಿ?' ಎಂದು ಕೆಲವರು ಹೇಳಬಹುದು. ಫಲಕಕ್ಕೆ, ಪುಸ್ತಕಕ್ಕೆ, ಸಭೆಗೆ, ಅಭ್ಯಾಸಕ್ಕೆ ಎಷ್ಟು ಹಣ ಬೇಕು? ಹಣ ಬೇಕಾದದ್ದು ಮೂರನೆಯ ಬೇಡಿಕೆಗೆ ಮಾತ್ರ. ಫೀಸಿನ ರಸೀದಿಯಲ್ಲಿ ನಾವು ಎಷ್ಟೋ ಬಾಬುಗಳಿಗೆ ಹಣ ತೆರುತ್ತೇವೆ. ಅದರಲ್ಲಿ ಮಕ್ಕಳ ಜೀವಕ್ಕೂ ಒಂದು ಬಾಬು ಇರಲಿ.

ನಾವು ಮಾಡಬೇಕಾದದ್ದು

ಬಂಧುಗಳೇ, ಬೇಡಿಕೆ ಇಟ್ಟು ಕೈಕಟ್ಟಿ ಕುಳಿತರೆ ಯಾವುದೂ ಆಗದೆಂದು ನಮಗೆ ಸಂಘದ ಅನುಭವ ಕಲಿಸಿದೆ. ಕೆಲಸದ ಅವಧಿ, ವಾರದ ರಜೆ, ಬೋನಸು, ಯಾವುದೂ ತಾನಾಗಿ ಬರಲಿಲ್ಲ. ಇದೂ ಹಾಗೆಯೇ.

ಮಗು ಕಾಲೇಜಿಗೆ ಸೇರಿದ ತಿಂಗಳೊಳಗೆ ತಂದೆಯೋ ತಾಯಿಯೋ ಒಮ್ಮೆ ಅಲ್ಲಿಗೆ ಹೋಗಿಬನ್ನಿರಿ. 'ನಮಗೆ ಇಂಗ್ಲಿಷ್ ಬಾರದು, ಅಂಗಿಗೆ ಎಣ್ಣೆಯ ಕಲೆಯಿದೆ' ಎಂದು ಹಿಂಜರಿಯಬೇಡಿರಿ. ಫೀಸು ಕಟ್ಟುವಾಗ ನಮ್ಮ ನೋಟನ್ನು ಯಾರೂ ಕಲೆಯಿದೆಯೆಂದು ಹಿಂದಿರುಗಿಸಲಿಲ್ಲ. ಒಬ್ಬರೇ ಹೋಗಲು ಸಂಕೋಚವಾದರೆ ಚಾಳಿನ ನಾಲ್ವರು ಕೂಡಿ ಹೋಗಿರಿ. ಹೊಣೆಗಾರರು ಯಾರೆಂದು ಕೇಳಿರಿ, ಹೆಸರು ಬರೆದುಕೊಳ್ಳಿರಿ. ಗೇಟಿನ ಕಾವಲುಗಾರನ ಹೆಸರನ್ನೂ ಕೇಳಿ, ಎರಡು ಮಾತಾಡಿ ಬನ್ನಿರಿ.

ಕಾನೂನಿನ ಎರಡು ಮಾತು ಎಲ್ಲರಿಗೂ ತಿಳಿದಿರಲಿ. ಹನ್ನೊಂದು, 12ನೆಯ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರು. ಅವರ ಮೇಲಿನ ಲೈಂಗಿಕ ಅಪರಾಧಕ್ಕೆ ೨೦೧೨ರ ಪೋಕ್ಸೋ ಕಾಯಿದೆ ಅನ್ವಯಿಸುತ್ತದೆ. ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಅವರಿಗೇ ಒಂದು ವರ್ಷದ ತನಕ ಸಜೆಯಾಗಬಹುದು. ಎರಡನೆಯದಾಗಿ, ೨೦೨೪ರ ಜುಲೈ ೧ರಿಂದ ಜಾರಿಯಾದ ಹೊಸ ಸಂಹಿತೆಯಂತೆ ಇಂಥ ದೂರನ್ನು ಯಾವ ಪೋಲೀಸ್ ಠಾಣೆಯಲ್ಲಿಯೂ ಕೊಡಬಹುದು. 'ಇದು ನಮ್ಮ ಹದ್ದಲ್ಲ' ಎಂದು ಹಿಂದಕ್ಕೆ ಕಳಿಸುವಂತಿಲ್ಲ. ಆಪತ್ತಿಗೆ ೧೧೨, ಮಕ್ಕಳಿಗೆ ೧೦೯೮. ಈ ಎರಡು ನಂಬರುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮಗಳು 'ಅಪ್ಪಾ, ಆ ಮನುಷ್ಯ ನೋಡುವುದು ನನಗೆ ಸರಿಕಾಣುವುದಿಲ್ಲ' ಎಂದರೆ, ಮಗ 'ಸೀನಿಯರುಗಳು ಹೊಡೆಯುತ್ತಾರೆ' ಎಂದರೆ, ದಣಿದು ಬಂದ ಹೊತ್ತಿನಲ್ಲಿ 'ಸುಮ್ಮನೆ ಓದು, ಹುಚ್ಚು ಮಾತಾಡಬೇಡ' ಎಂದು ಬಾಯಿಮುಚ್ಚಿಸಬೇಡಿರಿ. ಮಗು ಆಡುವ ಮೊದಲ ಮಾತೇ ಅಪಾಯದ ಗಂಟೆ. ಅದನ್ನು ಮನೆಯಲ್ಲಿ ಕೇಳಿಸಿಕೊಳ್ಳುವ ಕಿವಿ ನಮ್ಮದಾಗಬೇಕು, ಕಾಲೇಜಿನಲ್ಲಿ ಕೇಳಿಸಿಕೊಳ್ಳುವ ಕಿವಿಗೆ ಒಂದು ಹೆಸರು, ಒಂದು ಕುರ್ಚಿ, ಒಂದು ಅಧಿಕಾರ ಇರಬೇಕು.

ನಮ್ಮಲ್ಲಿ ಅನೇಕರು ಏಳನೆಯ ತರಗತಿಯ ಆಚೆ ಓದಿದವರಲ್ಲ. ಕಾಲೇಜಿನೊಳಗೆ ಕಲಿಸುವ ಪಾಠ ನಮಗೆ ತಿಳಿಯದಿರಬಹುದು. ಆದರೆ ಕೆಲಸದ ಜಾಗದಲ್ಲಿ ಯಾರು ಯಾವುದಕ್ಕೆ ಹೊಣೆ ಎಂಬ ಪಾಠವನ್ನು ಈ ನಗರದಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆ ಪಾಠವನ್ನು ಈ ವರ್ಷ ಮಲಾಡಿನ ಕಾಲೇಜುಗಳ ಗೇಟಿಗೆ ಕೊಂಡೊಯ್ಯೋಣ. ಫಲಕದ ಮೇಲೆ ಹೆಸರು ಬರೆಸುವ ತನಕ ಕೇಳುತ್ತಲೇ ಇರೋಣ.